ಕಾಣದ ಬಾಗಿಲು

ಮನೆಗಳಿಗೆ ಬಣ್ಣ ಹೊಡೆಯುವುದೇ ಅವನ ಕಸುಬಾಗಿತ್ತು. ಪಾರ್ಕಿನ್ಸನ್ ಕಾಯಿಲೆ ಬಂದು ಕೈ ನಡುಗತೊಡಗಿದ ಮೇಲೆ ಬ್ರಷ್ ಕೆಳಗಿಟ್ಟ. ಅದಕ್ಕೆ ಮುಂಚೆ ಕೊನೆಯದಾಗಿ ಹೊಡೆದದ್ದು ತನ್ನ ಬಚ್ಚಲುಮನೆಗೇ. ಗೋಡೆ, ಬಾಗಿಲು, ಚಿಲಕ, ಎಲ್ಲವೂ ಅಚ್ಚ ಬಿಳಿ.

ಒಂದು ಬೆಳಿಗ್ಗೆ ಮುಖ ತೊಳೆದು ತಿರುಗಿದರೆ ಬಾಗಿಲೇ ಕಾಣಲಿಲ್ಲ. ಕಣ್ಣುಜ್ಜಿಕೊಂಡ. ಗೋಡೆ ಎಲ್ಲಿ ಮುಗಿಯುತ್ತದೆ, ಬಾಗಿಲು ಎಲ್ಲಿಂದ ಶುರು, ಒಂದೂ ತಿಳಿಯದು. ತಡಕೋಣವೆಂದರೆ, ಈ ಕಾಯಿಲೆಯಲ್ಲಿ ಆಗಾಗ ಆಗುವಂತೆ, ಪಾದಗಳು ನೆಲಕ್ಕೆ ಅಂಟಿಕೊಂಡಂತೆ ಮೇಲೇಳಲಿಲ್ಲ. ನಲ್ಲಿಯನ್ನು ಬಿಗಿಯಾಗಿ ಹಿಡಿದುಕೊಂಡ.

"ಏನ್ರೀ, ಒಳಗೇ ಸಂಸಾರ ಹೂಡಿದ್ರಾ?" ಹೆಂಡತಿ ಹೊರಗಿನಿಂದ ಕೂಗಿದಳು.

"ಬಾಗಿಲು ಕಾಣ್ತಿಲ್ಲ ಕಣೇ."

"ನೀವೇ ಬಣ್ಣ ಹೊಡ್ದಿದ್ದು, ಎಲ್ಲಿಗೆ ಹೋಗುತ್ತೆ?" ಎಂದು ನಕ್ಕಳು.

"ತಮಾಷೆ ಅಲ್ಲ. ಕಾಲೂ ಏಳ್ತಿಲ್ಲ."

ಅವಳ ನಗು ನಿಂತಿತು. ಪಕ್ಕದ ಮನೆಯ ಬಡಗಿಯನ್ನು ಓಡಿಹೋಗಿ ಕರೆತಂದಳು. ಬಡಗಿ ಚಿಲಕ ಮುರಿದು ಬಾಗಿಲು ತೆಗೆದಾಗ ಇವನು ಬೆವರಿನಲ್ಲಿ ತೊಯ್ದುಹೋಗಿದ್ದ.

ಕಣ್ಣಿನ ಡಾಕ್ಟರಮ್ಮ ಕಣ್ಣನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ತೋರಿಸಿದರು. "ಕನ್ನಡಕದ ತಪ್ಪಲ್ಲ. ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅಂತ ಒಂದು ತೆಳು ಪದರ ಇದೆ. ನಿಮ್ಮದು ಇನ್ನೂ ತೆಳುವಾಗಿದೆ. ನಿಮ್ಮ ಕಾಯಿಲೆಯಿಂದ ಮೆದುಳಲ್ಲಿ ಕಮ್ಮಿಯಾಗಿರೋ ಡೋಪಮೈನ್ ಅನ್ನೋ ರಾಸಾಯನಿಕ ಕಣ್ಣಿಗೂ ಬೇಕು. ಅದಕ್ಕೇ ಬಿಳಿ ಮೇಲೆ ಬಿಳಿ, ಬೂದು ಮೇಲೆ ಬೂದು ನಿಮಗೆ ಬೇರೆಬೇರೆಯಾಗಿ ಕಾಣಲ್ಲ."

"ಸರಿಹೋಗುತ್ತಾ ಅಮ್ಮಾ?"

"ತೆಳುವಾಗಿದ್ದನ್ನ ಮತ್ತೆ ದಪ್ಪ ಮಾಡೋಕಾಗಲ್ಲ. ಬಾಗಿಲಿಗೆ ಗಾಢವಾದ ಬಣ್ಣ ಹೊಡೆಸಿ."

ಅದನ್ನು ಹೆಂಡತಿಯೇ ಹೊಡೆದಳು. ಅವನು ಕುರ್ಚಿಯಲ್ಲಿ ಕೂತು "ಮೇಲಿಂದ ಕೆಳಕ್ಕೆ ಎಳಿ, ಒಂದೇ ಕಡೆ ಉಜ್ಜಬೇಡ" ಎಂದು ಹೇಳುತ್ತಾ ಹೋದ. ಸಂಜೆಯ ಹೊತ್ತಿಗೆ ಕಡುನೀಲಿ ಬಾಗಿಲು ಅವನ ಕಣ್ಣಿಗೆ ಢಾಳಾಗಿ ಕಂಡಿತು. ಆದರೆ ಚಿಲಕವಿದ್ದ ಜಾಗದಲ್ಲಿ ಬರೀ ತೂತುಗಳಿದ್ದವು.

"ಚಿಲಕ ಹಾಕ್ಸಲ್ವಾ?"

"ಇನ್ಮೇಲೆ ಬೇಡ."

"ನಾನೇನು ಮಗುನಾ?"

ಅವಳು ಬ್ರಷ್ ತೊಳೆಯಲು ಹೋದಳು.

ಮರುದಿನ ಅವನು ಸ್ನಾನಕ್ಕೆ ಕೂತ. ಒಂದು ಚೊಂಬು ನೀರು ಸುರಿದುಕೊಳ್ಳುವಷ್ಟರಲ್ಲಿ "ಸರಿಯಾಗಿದ್ದೀರಾ?" ಎಂಬ ಕೂಗು. ಇನ್ನೊಂದು ಚೊಂಬು, ಮತ್ತೆ ಅದೇ ಕೂಗು.

"ಸ್ವಲ್ಪ ಆಚೆ ಹೋಗೇ, ನಿಂಗೆ ಕೈ ಮುಗೀತೀನಿ."

"ಹೋದೆ, ಹೋದೆ" ಎಂದಳು. ಹೆಜ್ಜೆಯ ಸದ್ದು ಮಾತ್ರ ಕೇಳಲಿಲ್ಲ.

ಅವನು ನಲ್ಲಿಯನ್ನು ಪೂರ್ತಿ ತಿರುಗಿಸಿದ. ನೀರಿನ ಸದ್ದು ಬಚ್ಚಲನ್ನೆಲ್ಲ ತುಂಬಿದ ಮೇಲೆ, ಅವಳಿಗೆ ಕೇಳಿಸದಂತೆ ಅತ್ತ.