ಮಹಡಿಯ ತಂಪು

ಕತ್ತಿನ ಹಿಂದೆ ಇನ್ನೂ ಆ ತಂಪು ಕೂತಿದೆ, ಸೆರಗಿನಿಂದ ಒರೆಸಿದರೂ ಹೋಗುತ್ತಿಲ್ಲ, ಬಟ್ಟೆ ಕಾರ್ಖಾನೆಯವರೆಲ್ಲ ಅಂಗಳದಲ್ಲಿ ನಿಂತಿದ್ದಾರೆ, ಸರದಿಗೆ ಒಪ್ಪಿಗೆ ಇರೋರು ಕೈ ಎತ್ತಿ ಅನ್ನುತ್ತಿದ್ದಾನೆ ಸಂಘದ ಮುಂದಾಳು, ದೊಡ್ಡಕ್ಕನ ಕೈ ಮಾತ್ರ ಏಳುತ್ತಿಲ್ಲ — ಕಿಚ್ಚು ಹಚ್ಚಿದವಳೇ ಇವಳು, ತಾನು ತೋಡಿದ ಹಳ್ಳಕ್ಕೆ ತಾನೇ — ನೋಡಬಾರದು, ಎದುರಿನ ಆ ಅಂಗೈಯನ್ನು ಮಾತ್ರ ನೋಡಬಾರದು. ಇಷ್ಟು ವರ್ಷ ಕೆಳಗಿನ ಇಸ್ತ್ರಿ ಕೋಣೆಯ ಹಬೆಯಲ್ಲಿ ಬೆಂದು, ಗೊಣಗುವ ಹುಡುಗಿಯರಿಗೆಲ್ಲ ಬುದ್ಧಿ ಹೇಳಿದ್ದೇ ಹೇಳಿದ್ದು, ಮೇಲೇನು ಸ್ವರ್ಗವಾ, ಅಲ್ಲೂ ಇದೇ ಬೇಗೆ, ದುಡಿದೋರಿಗೆ ಒಂದಲ್ಲ ಒಂದಿನ ಸಿಗತ್ತೆ ಕಣ್ರೇ, ಸಹಿಸ್ಕೊಳ್ಳಿ — ಕಣ್ಣಲ್ಲಿ ನೋಡದೆಯೇ ಹೇಳಿದ್ದಳು, ಇಸ್ತ್ರಿಯವರು ಮಹಡಿ ಹತ್ತುವಂತಿರಲಿಲ್ಲ, ಬಟ್ಟೆ ಲಿಫ್ಟಿನಲ್ಲಿ ಹೋಗುತ್ತಿತ್ತು. ಬೆಳಿಗ್ಗೆ ಲಿಫ್ಟು ಕೆಟ್ಟಿತು, ಗಂಟು ಹೊತ್ತು ಹತ್ತಿದಳು, ಬಾಗಿಲು ತಳ್ಳಿದಳು, ಏಸಿಯ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು, ಗುಂಡಿ ಹೊಲಿಯುವವರು ಸ್ವೆಟರ್ ಹಾಕಿಕೊಂಡು ಕೂತಿದ್ದಾರೆ, ಅಯ್ಯೋ, ಸ್ವೆಟರ್! ಅವರ ನಡುವೆ ಇವಳ ಮಗಳು. ಯಾಕೇ ಹೇಳಲಿಲ್ಲ? ಹೇಳಿದ್ರೆ ನಿನ್ನ ಹೊಟ್ಟೆ ಉರಿಯತ್ತೆ ಅಂತ, ಅಮ್ಮ. ಉರಿಯಿತು, ಧಗಧಗ ಉರಿಯಿತು, ಊಟದ ಹೊತ್ತಿಗೆ ಇವಳೇ ಬೆಂಚು ಹತ್ತಿ ಕೂಗಿದಳು, ಇದ್ಯಾವ ನ್ಯಾಯ, ಸರದಿ ಮಾಡಿ, ವಾರಕ್ಕೊಮ್ಮೆ ಮೇಲಿನೋರು ಕೆಳಗೆ, ಕೆಳಗಿನೋರು ಮೇಲೆ, ಯಾರಿಗೂ ವಿನಾಯಿತಿ ಬೇಡ!

ವಿನಾಯಿತಿ ಬೇಡ — ಆ ನಾಲಿಗೆ ಸೇದಿಹೋಗಬಾರದಿತ್ತೇ. ಈಗ ತಾನೇ ಮಗಳು ಕಿವಿಯಲ್ಲಿ ಅಂದಳು, ಅಮ್ಮ, ನಾನು ಮತ್ತೆ ಬಸುರಿ, ಹೋದ ಸಲ ಒಂದು ಹೋಯ್ತು, ಆ ಹಬೇಲಿ ನಿಂತು ಇದನ್ನೂ ಕಳ್ಕೊಂಡ್ರೆ? ಬಸುರಿಯರನ್ನು ಬಿಡಿ ಅನ್ನಬಹುದು, ಒಂದೇ ಮಾತು, ಎಲ್ಲರೂ ಒಪ್ಪುತ್ತಾರೆ, ದೇವರೇ, ಒಂದೇ ಒಂದು ಮಾತು — ಆದರೆ ಎದುರಿಗೆ ಮೋಟುಜಡೆ ನಿಂತಿದ್ದಾಳೆ, ಪಕ್ಕದ ಇಸ್ತ್ರಿ ಮೇಜಿನವಳು, ಹೋದ ಬೇಸಿಗೆಯಲ್ಲಿ ಅವಳೂ ಬಸುರಿ, ತಲೆ ಸುತ್ತತ್ತೆ ದೊಡ್ಡಕ್ಕ, ನನ್ನನ್ನ ಮೇಲೆ ಹಾಕೋಕೆ ಹೇಳಿ ಎಂದು ಗೋಗರೆದಾಗ ಇವಳು ಅಂದದ್ದೇನು, ನಾನು ಹೆತ್ತಿಲ್ವಾ, ಇಲ್ಲೇ ದುಡ್ಕೊಂಡೇ ಹೆತ್ತೆ, ಸಹಿಸ್ಕೋ — ಅದೇ ಮಧ್ಯಾಹ್ನ ಅವಳು ಕುಸಿದಳು, ಕುಸಿಯುವಾಗ ಊರಿದ ಕೈ ಇಸ್ತ್ರಿಯ ಕಾದ ತಗಡಿನ ಮೇಲೆ, ಕೂಸು ಉಳಿಯಲಿಲ್ಲ, ಆ ಅಂಗೈ — ಯಾವ ಬಾಯಲ್ಲಿ ಹೇಳಲಿ, ಹೇಳದಿದ್ದರೆ ಮಗಳ ಗತಿಯೇನು, ಮಗಳು ಸೆರಗು ಜಗ್ಗುತ್ತಿದ್ದಾಳೆ, ಹೇಳು, ಹೇಳಮ್ಮ, ನೀನು ಹೇಳಿದ್ರೆ ಕೇಳ್ತಾರೆ, ಮುಂದಾಳು ಎಣಿಸುತ್ತಾ ಹತ್ತಿರ ಬರುತ್ತಿದ್ದಾನೆ, ಬಾಯಿ ತೆರೆದಳು, ಬಸುರಿ, ಬಸುರಿಯರನ್ನ — ಮೋಟುಜಡೆ ತಿರುಗಿ ನೋಡಿದಳು, ಎತ್ತಿದ ಕೈ ಇಳಿಸಲಿಲ್ಲ, ಎಲ್ಲರ ಕೈಗಿಂತ ಎತ್ತರಕ್ಕೆ ಆ ಅಂಗೈ, ಸುಟ್ಟು ಮುದುಡಿದ, ಒಂದು ಗೆರೆಯೂ ಉಳಿಯದ ಆ ಅಂಗೈ, ಆ ಅಂಗೈ