ಗಾಳೆಮ್ಮನ ಹೂಂ

ಕೊಟ್ಟೂರಿನ ಆ ಸಣ್ಣ ಆಫೀಸಿನಲ್ಲಿ ಗೀತಾಂಜಲಿ ಮಾಡುತ್ತಿದ್ದದ್ದು, ರೋಗಿಗಳಿಗೆ ಗುಳಿಗೆಯ ಹೊತ್ತಿಗೆ ತಾನಾಗಿ ಫೋನ್ ಮಾಡುವ ಸಾಫ್ಟ್‌ವೇರ್. ಗುಂಡಿ ಒತ್ತಿ ಅಂದರೆ ನಮ್ಮ ಕಡೆಯ ಮುದುಕಿಯರು ಒತ್ತಿಯಾರೇ? ಕಥೆ ಕೇಳುವಾಗಲೂ ಹೂಂಗುಟ್ಟುವವರು. ಅದಕ್ಕೇ ಅವಳು ತನ್ನದೇ ದನಿ ತುಂಬಿದ್ದಳು: "ಗುಳಿಗಿ ತಗೊಳ್ರಿ. ತಗೊಂಡು ಹೂಂ ಅನ್ರಿ." ಹೂಂ ಕೇಳುವ ತನಕ ಫೋನು ಬಿಡದೆ ಕರೆಯುತ್ತಿತ್ತು.

ಮೊದಲು ಹೂಂ ಅಂದವಳು ಗಾಳೆಮ್ಮ. ಗೀತಾಂಜಲಿಯನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ ಓಣಿಯ ಮುದುಕಿ. ಈಗ ಬಾಗಳಿಯಲ್ಲಿ ಮಗಳು ಯಶೋಧಾಳ ಮನೆಯಲ್ಲಿದ್ದಳು. ಬಿಪಿ ಗುಳಿಗೆ ತಪ್ಪುವಂತಿರಲಿಲ್ಲ.

ಆಫೀಸಿಗೆ ಹೊಸ ಕಂಪ್ಯೂಟರ್ ಬಂದ ಮೇಲೆ, ಸಾಫ್ಟ್‌ವೇರ್ ಸರಿಯಿದೆಯೇ ಎಂದು ನೋಡುವ ಟೆಸ್ಟ್‌ಗಳಲ್ಲಿ ಒಂದು ಮಾತ್ರ ದಿನಾ ಫೇಲಾಗಿ ಪರದೆಯ ಮೇಲೆ ಕೆಂಪು ಸಾಲು ತೋರಿಸತೊಡಗಿತು. ರೆಕಾರ್ಡ್ ಮಾಡಿದ ದನಿಯನ್ನು ಫೋನಿಗೆ ಹೊಂದಿಸಿ ಕಳಿಸುವ ಸಣ್ಣ ಟೂಲ್ ಒಂದು ಆ ಹೊಸ ಕಂಪ್ಯೂಟರಿನಲ್ಲಿ ಇರಲಿಲ್ಲ.

"ಇಲ್ಲಿ ಇಲ್ಲ, ಅಷ್ಟ. ಕರೆ ಹೋಗೋ ಸರ್ವರ್‌ನಾಗ ಐತಿ. ಆ ಟೆಸ್ಟ್ ಬಿಟ್ಟು ಮುಂದಕ್ಕ ನಡಿಯವ್ವ," ಎಂದ ಆಫೀಸಿನ ಯಜಮಾನ ಅರುಣಕುಮಾರ್.

ಗೀತಾಂಜಲಿ ಒಂದು ಸಾಲು ಕೋಡ್ ಬರೆದು ಆ ಟೆಸ್ಟ್ ನಡೆಯದಂತೆ ಮಾಡಿದಳು. ಕೆಂಪು ಹೋಯಿತು, ಎಲ್ಲರೂ ನೆಮ್ಮದಿಯಾಗಿ ಚಹಾ ಕುಡಿದರು. ಕರೆ ಹೋಗುವ ಸರ್ವರ್ ಕಂಪ್ಯೂಟರನ್ನೂ ಆ ವಾರವೇ ಬದಲಿಸಿದ್ದರು, ಆ ಟೂಲ್ ಅಲ್ಲೂ ಇರಲಿಲ್ಲ. ಕರೆಗಳು ಸದ್ದಿಲ್ಲದೆ ನಿಂತುಹೋದವು. ಕೆಂಪು ಸಾಲು ಬಾಯಿ ಬಡಿದುಕೊಂಡು ಹೇಳುತ್ತಿದ್ದದ್ದು ಅದನ್ನೇ. ಅದರ ಬಾಯಿ ಮುಚ್ಚಿಸಿದ್ದು ಇವಳೇ.

ಉಳಿದವರು ಫೋನ್ ಬಾರದಿದ್ದರೂ ಗುಳಿಗೆ ನುಂಗಿಕೊಂಡರು. ಗಾಳೆಮ್ಮ ನುಂಗಲಿಲ್ಲ.

"ಅವ್ವಗ ಲಕ್ವ ಹೊಡದೈತಿ," ಎಂದು ಯಶೋಧಾ ಫೋನ್ ಮಾಡಿದಾಗ ಗೀತಾಂಜಲಿ ಎದ್ದೆನೋ ಬಿದ್ದೆನೋ ಎಂದು ಬಾಗಳಿಗೆ ಓಡಿದಳು. ಗಾಳೆಮ್ಮನ ಬಾಯಿ ಸೊಟ್ಟಗಾಗಿತ್ತು. ಮಾತು ಹೋಗಿತ್ತು. ಗೋಡೆಯ ಗೂಡಿನಲ್ಲಿ ಗುಳಿಗೆಯ ಪಟ್ಟಿಗಳು ಒಡೆಯದೆ ಬಿದ್ದಿದ್ದವು.

"ನಾ ನಸುಕಿನಾಗ ಕೂಲಿಗೆ ಹೋಗಾಕಿ, ನೋಡ್ಲಿಲ್ಲ," ಎಂದಳು ಯಶೋಧಾ. "ಆಕಿ ಗೊತ್ತಲ್ಲ ನಿಂಗ? ಕರೀದಿದ್ರ ಊಟಕ್ಕೂ ಕುಂದ್ರಾಕಿ ಅಲ್ಲ. ಗೀತಾ ಕರೀಲಿಲ್ಲ ಅಂದ್ರ ಡಾಕ್ಟ್ರು ಗುಳಿಗಿ ಬಿಡಿಸ್ಯಾರ ಅಂತ ತಿಳಕೊಂಡಾಳ."

"ತಪ್ಪು ನಂದು ಯಶೋಧಕ್ಕ, ಫೋನ್ ನಿಲ್ಸಿದ್ದು ನಾನ," ಎಂದಳು ಗೀತಾಂಜಲಿ. ಯಶೋಧಾ ಅವ್ವನ ಹೊದಿಕೆ ಸರಿಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಆಫೀಸಿಗೆ ಬಂದು ತಾನು ಬರೆದ ಆ ಸಾಲನ್ನು ಅಳಿಸಿದಳು. ಎರಡೂ ಕಡೆ ಟೂಲ್ ಹಾಕಿದಳು. ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿಯುವ ಕೆಲಸ. ಟೆಸ್ಟ್ ಪಾಸಾಯಿತು.

ಮರುದಿನ ಬೆಳಿಗ್ಗೆ ಅವಳು ಮತ್ತೆ ಗಾಳೆಮ್ಮನ ಪಕ್ಕ ಕುಳಿತಿದ್ದಳು. ಯಶೋಧಾ ಗುಳಿಗೆ ಪುಡಿಮಾಡಿ, ನೀರಿನಲ್ಲಿ ಕಲೆಸಿ, ಚಮಚದಲ್ಲಿ ಕುಡಿಸುತ್ತಿದ್ದಳು. ಗಾಳೆಮ್ಮನ ಫೋನ್ ರಿಂಗಾಯಿತು, ಗೀತಾಂಜಲಿ ಎತ್ತಿ ಅವಳ ಕಿವಿಗೆ ಹಿಡಿದಳು.

"ಗುಳಿಗಿ ತಗೊಳ್ರಿ. ತಗೊಂಡು ಹೂಂ ಅನ್ರಿ."

ಆ ದನಿ ಕೇಳಿದ್ದೇ ಗಾಳೆಮ್ಮನ ಕಣ್ಣು ಅರಳಿತು. ಕರೆ ಬಂದಿತ್ತು, ಓಗೊಡುವುದು ಮರ್ಯಾದೆ. ತುಟಿ ಅಲುಗಿತು, ಗಂಟಲ ನರ ಉಬ್ಬಿತು. ಬರೀ ಉಸಿರು ಬಂತು. ಫೋನ್ ಕಟ್ಟಾಗಿ ಮತ್ತೆ ಬಂತು. ಮುದುಕಿ ಮತ್ತೆ ಹೆಣಗಿದಳು. ಆಗಲಿಲ್ಲ. ಮತ್ತೆ ಬಂತು. ಗಾಳೆಮ್ಮನ ಕಣ್ಣಿಂದ ನೀರಿಳಿದು ದಿಂಬಿಗೆ ಹರಿಯಿತು.

ಗೀತಾಂಜಲಿ ಫೋನನ್ನು ತನ್ನ ಬಾಯಿಯ ಹತ್ತಿರ ಹಿಡಿದು, ತನ್ನ ದನಿಗೆ ತಾನೇ "ಹೂಂ" ಅಂದಳು.

ಕರೆ ನಿಂತಿತು. ಕಂಪ್ಯೂಟರು ಅದನ್ನು ಗಾಳೆಮ್ಮನ ಹೂಂ ಎಂದೇ ಬರೆದುಕೊಂಡಿತು.