ವಿಯೆಟ್ನಾಮಿನಲ್ಲಿ ಹನ್ನೊಂದು ಟಿಕೆಟ್

ಮಂಜುನಾಥಪ್ಪ ಮೂವತ್ತೊಂದು ವರ್ಷ ಸಾಗರ–ತೀರ್ಥಹಳ್ಳಿ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಆನಂದಪುರದಲ್ಲಿ ಯಾರು ಹತ್ತಿದರು, ರಿಪ್ಪನ್‌ಪೇಟೆಯಲ್ಲಿ ಯಾರು ಇಳಿಯಬೇಕು, ಯಾರಿಗೆ ಎರಡು ರೂಪಾಯಿ ಚಿಲ್ಲರೆ ಬಾಕಿ, ಎಲ್ಲವೂ ತಲೆಯಲ್ಲೇ ಇರುತ್ತಿತ್ತು. ನಿವೃತ್ತಿಯಾದ ಮರುವರ್ಷ ಸಾಗರದ ಬಟ್ಟೆ ಅಂಗಡಿ ಕಾಂತರಾಜ್ ವಿಯೆಟ್ನಾಮ್ ಪ್ರವಾಸಕ್ಕೆ ಜನ ಸೇರಿಸುತ್ತಿದ್ದಾರೆಂದು ಗೊತ್ತಾಗಿ, ನರ್ಸ್ ಆಗಿದ್ದ ಮಗಳು ಸೌಜನ್ಯ ಅಪ್ಪ ಅಮ್ಮನ ಹೆಸರನ್ನೂ ಬರೆಸಿಬಿಟ್ಟಳು.

ಒಟ್ಟು ಹನ್ನೊಂದು ಜನ. ವ್ಯಾಪಾರಿಗಳು, ಮೇಷ್ಟ್ರುಗಳು, ತೋಟದವರು. ಬಹುತೇಕ ಎಲ್ಲರಿಗೂ ಮಂಜುನಾಥಪ್ಪ ಒಂದಲ್ಲ ಒಂದು ಕಾಲದಲ್ಲಿ ಟಿಕೆಟ್ ಹರಿದುಕೊಟ್ಟವರೇ. ವಿಮಾನದಲ್ಲೂ ಹೋಟೆಲಿನಲ್ಲೂ ಅವರೂ ಹೆಂಡತಿ ವಿಶಾಲಮ್ಮನೂ ಒಂದು ಪಕ್ಕಕ್ಕೇ ಇದ್ದರು. ಕೇಳಿದರೆ ಮಾತು, ಇಲ್ಲದಿದ್ದರೆ ಇಲ್ಲ.

ಊಟ, ಓಡಾಟದ ಖರ್ಚಿಗೆ ಎಲ್ಲರೂ ಸೇರಿ ಹಾಕಿದ್ದ ಹಣ ಕಾಂತರಾಜರ ಒಂದು ಕಾರ್ಡಿನಲ್ಲಿತ್ತು. ಮೂರನೇ ದಿನ, ಶನಿವಾರ ಸಂಜೆ, ನಿನ್ ಬಿನ್ ಎಂಬ ಪಟ್ಟಣದ ಎಟಿಎಂ ಮುಂದೆ ಅವರು ಪಿನ್ ಮರೆತರು. ಮೂರು ಸಲ ತಪ್ಪು ಒತ್ತಿದ ಮೇಲೆ ಕಾರ್ಡು ಬಂದ್ ಆಯಿತು. ಬ್ಯಾಂಕಿಗೆ ಫೋನ್ ಮಾಡಿದರೆ ಸೋಮವಾರ ನೋಡೋಣ ಅಂದರು. ಉಳಿದವರ ಕಾರ್ಡುಗಳಿಗೆ ಹೊರದೇಶದ ಬಳಕೆಯ ಅನುಮತಿಯನ್ನೇ ಹಾಕಿಸಿರಲಿಲ್ಲ. ಊರಿನಲ್ಲಿ ಚಹಾಕ್ಕೂ ಬಳಸುತ್ತಿದ್ದ ಫೋನ್ ಪಾವತಿ ಅಲ್ಲಿ ನಡೆಯಲಿಲ್ಲ. ಹೋಟೆಲುಗಳಿಗೆ ಮುಂಚೆಯೇ ಹಣ ಕಟ್ಟಿದ್ದರಿಂದ ಮಲಗಲು ಜಾಗವಿತ್ತು. ಆದರೆ ಊಟ? ಮರುದಿನ ಹನೋಯ್‌ಗೆ ಹೋಗುವುದು? ಗೊತ್ತು ಮಾಡಿದ್ದ ವ್ಯಾನಿನವನು ಅಲ್ಲಿನ ಹಣದಲ್ಲಿ ಮೂವತ್ತು ಲಕ್ಷ ಡಾಂಗ್ ನಗದು ಮೊದಲೇ ಕೊಡಬೇಕು ಅಂದ.

ಹೋಟೆಲಿನ ಮುಂಗೋಣೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ರಿಪ್ಪನ್‌ಪೇಟೆಯ ಪ್ರಭಾವತಿ ಟೀಚರ್ ಅಳುವುದಕ್ಕೇ ಶುರುಮಾಡಿದರು.

ವಿಶಾಲಮ್ಮ ಗಂಡನ ತೋಳು ತಿವಿದರು. "ಸುಮ್ನೆ ಕೂತ್ರೆ ಹೆಂಗ್ರೀ? ಹೋಗಿ ನೋಡಿ."

ಮಂಜುನಾಥಪ್ಪ ಎದ್ದರು. "ಎಲ್ರೂ ನಿಮ್ ನಿಮ್ ಹತ್ರ ಇರೋದನ್ನ ತೆಗೀರಿ. ಬಿಡಿ ಕಾಸೂ ಬಿಡಬ್ಯಾಡಿ."

ಬ್ಯಾಗು, ಪರ್ಸು, ಕರವಸ್ತ್ರದ ಗಂಟುಗಳಿಂದ ಬಣ್ಣಬಣ್ಣದ ನೋಟು ಮೇಜಿಗೆ ಬಿದ್ದವು. ಅವರು ಬಣ್ಣ ನೋಡದೆ ಅಂಕಿ ನೋಡಿ ವಿಂಗಡಿಸಿದರು. "ಇಪ್ಪತ್ತು ಸಾವಿರದ್ದೂ ನೀಲಿ, ಐದು ಲಕ್ಷದ್ದೂ ನೀಲಿ. ಜ್ವಾಕೆ. ಮೂರು ಸೊನ್ನೆ ಬೆರಳಲ್ಲಿ ಮುಚ್ಚಿ, ಉಳಿದಿದ್ದಕ್ಕೆ ಮೂರರಿಂದ ಗುಣಿಸಿ, ಚೂರು ಮೇಲೆ ಹಾಕಿ. ಅದೇ ನಮ್ಮ ರೂಪಾಯಿ." ಎಲ್ಲ ಸೇರಿ ಹನ್ನೊಂದು ಲಕ್ಷ ನಲವತ್ತು ಸಾವಿರ ಡಾಂಗ್. ಗಣಿತದ ಮೇಷ್ಟ್ರಾಗಿದ್ದ ಗಣೇಶಮೂರ್ತಿ ಫೋನಿನಲ್ಲಿ ಕೂಡಿ ಮುಗಿಸುವ ಮೊದಲೇ ಅವರು ಮೊತ್ತ ಹೇಳಿಬಿಟ್ಟಿದ್ದರು.

ಆಮೇಲೆ ಅಂಗಿಯ ಒಳಜೇಬಿನಿಂದ ಒಂದು ಸಣ್ಣ ಡೈರಿ ತೆಗೆದರು. ಅದರ ಹಾಳೆಗಳ ನಡುವೆ ನೂರು ಡಾಲರಿನ ಒಂದು ನೋಟು, ಇಸ್ತ್ರಿ ಹಾಕಿದ ಹಾಗೆ ಚಪ್ಪಟೆಯಾಗಿ ಇತ್ತು. ಮಡಿಕೆ ಬಿದ್ದ ಡಾಲರನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ ಎಂದು ಸೌಜನ್ಯ ಹೇಳಿ ಕಳಿಸಿದ್ದಳು. ಅಂಥದೇ ಇನ್ನೊಂದು ವಿಶಾಲಮ್ಮನ ಸಂಚಿಯಲ್ಲಿತ್ತು; ಅದು ಕೊನೆಯ ಆಪತ್ತಿಗೆ.

"ಇದು ನಿಮ್ ಸ್ವಂತದ್ದಲ್ಲವಾ?" ಕಾಂತರಾಜ್ ತಡವರಿಸಿದರು.

"ಹೌದು. ನಿಮ್ ಕಾರ್ಡ್ ಸರಿಯಾದ್ ಮೇಲೆ ಕೊಡಿ."

ಹಣ ಬದಲಿಸುವ ಮೊದಲ ಅಂಗಡಿ ಇಪ್ಪತ್ತೈದು ಲಕ್ಷ ನಲವತ್ತು ಸಾವಿರ ಅಂದಿತು. ಅವರು ತಲೆಯಾಡಿಸಿ ಹೊರಬಂದು ಎರಡನೆಯದರಲ್ಲಿ ಇಪ್ಪತ್ತಾರು ಲಕ್ಷ ಹತ್ತು ಸಾವಿರ ಪಡೆದರು. ರಾತ್ರಿ ಊಟಕ್ಕೆ ತಲೆಗೆ ಅರವತ್ತು ಸಾವಿರದಂತೆ ಆರು ಲಕ್ಷ ಅರವತ್ತು ಸಾವಿರ ಹೋಯಿತು.

"ಉಳಿದಿದ್ರಲ್ಲಿ ವ್ಯಾನ್ ಮಾಡಿದ್ರೆ ನಾಳೆ ಎಲ್ರೂ ಉಪವಾಸ," ಅಂದರು ಮಂಜುನಾಥಪ್ಪ. "ಲೈನ್ ಬಸ್ಸಲ್ಲಿ ಹೋಗನ."

"ಇದೇನು ಸಾಗರದ ಬಸ್ಸಾ ಮಂಜಣ್ಣ? ಭಾಷೆ ಬರಲ್ಲ. ಬಾಯಿಗೆ ಬಂದ ರೇಟ್ ಹೇಳ್ತಾರೆ," ಅಂದರು ಕಾಂತರಾಜ್.

"ಹೇಳ್ಲಿ. ಬಸ್ಸು ಬಸ್ಸೇ."

ಭಾನುವಾರ ಬೆಳಿಗ್ಗೆ ನಿಲ್ದಾಣದಲ್ಲಿ ಉಳಿದ ಹತ್ತು ಜನರನ್ನೂ ಹತ್ತಿಸಿ, ಚೀಲಗಳನ್ನು ಲೆಕ್ಕ ಹಾಕಿ, ಕೊನೆಗೆ ತಾವು ಹತ್ತಿದರು. ಬಸ್ಸು ಹೊರಟಿತು. ಮೂವತ್ತರ ಆಸುಪಾಸಿನ ಕಂಡಕ್ಟರ್ ಮುಂದಿನಿಂದ ಕಾಸು ಕೇಳುತ್ತ ಬಂದ. ಮಂಜುನಾಥಪ್ಪನ ಕಣ್ಣು ಅವನ ಕೈ ಮೇಲೆಯೇ ಇತ್ತು. ಮುಂದಿನ ಸೀಟಿನ ಹೆಂಗಸು ಒಂದು ಲಕ್ಷದ ಹಸಿರು ನೋಟು ಕೊಟ್ಟಳು. ಇಪ್ಪತ್ತು ಸಾವಿರ ವಾಪಸ್ ಬಂತು. ಅವಳ ಹಿಂದಿನ ಮುದುಕನಿಗೂ ಅಷ್ಟೇ. ಇಬ್ಬರೂ ಹನೋಯ್, ಹನೋಯ್ ಅಂದಿದ್ದರು.

ಇವರ ಹತ್ತಿರ ಬಂದವನು ಫೋನಿನಲ್ಲಿ ಎರಡು ಲಕ್ಷ ಎಂದು ಒತ್ತಿ ತೋರಿಸಿದ. ತಲೆಗೆ.

ಕಾಂತರಾಜ್ ಹಿಂದಿನಿಂದ ಪಿಸುಗುಟ್ಟಿದರು. "ನಾ ಹೇಳ್ಲಿಲ್ವಾ?"

ಮಂಜುನಾಥಪ್ಪ ಜಗಳ ತೆಗೆಯಲಿಲ್ಲ. ಎದ್ದು ನಿಂತು, ಓಲಾಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ, ಸೊಂಟವನ್ನು ಸೀಟಿಗೆ ಆನಿಸಿಕೊಂಡರು. ಎರಡು ಲಕ್ಷದ ನಾಲ್ಕು ನೋಟು, ಇಪ್ಪತ್ತು ಸಾವಿರದ್ದು ನಾಲ್ಕು ತೆಗೆದರು. ಉದ್ದಕ್ಕೆ ಮಡಚಿ ಎಡಗೈ ಬೆರಳುಗಳ ಸಂದಿಗೆ ಸಿಕ್ಕಿಸಿ, ಬೀಸಣಿಗೆಯ ಹಾಗೆ ಬಿಚ್ಚಿ ಹಿಡಿದರು. ಎಂಟು ಲಕ್ಷ ಎಂಬತ್ತು ಸಾವಿರ. ಮುಂದಿನ ಸೀಟಿನ ಹೆಂಗಸನ್ನು ತೋರಿಸಿದರು, ತಮ್ಮ ಹನ್ನೊಂದು ತಲೆಗಳನ್ನು ತೋರಿಸಿದರು. ಆಮೇಲೆ ತಮ್ಮ ಎದೆ ಮುಟ್ಟಿಕೊಂಡು, ಗಾಳಿಯಲ್ಲಿ ಒಂದು ಟಿಕೆಟ್ ಹರಿದು, "ರೈಟ್, ರೈಟ್!" ಎಂದು ಬಸ್ಸಿನ ತುದಿಗೆ ಕೇಳುವಂತೆ ಕೂಗಿದರು.

ಹುಡುಗ ಬಾಯಿ ತೆರೆದು ನೋಡಿದ. ನೋಟುಗಳನ್ನು ನೋಡಿದ, ಆ ಬೆರಳುಗಳನ್ನು ನೋಡಿದ. ಆಮೇಲೆ ತನ್ನ ಎಡಗೈ ಎತ್ತಿ ತೋರಿಸಿದ. ಅವನ ಬೆರಳ ಸಂದಿಯಲ್ಲೂ ಹಾಗೇ ಉದ್ದಕ್ಕೆ ಮಡಚಿದ ನೋಟು! ಗಹಗಹಿಸಿ ನಕ್ಕು ಡ್ರೈವರಿಗೆ ಏನೋ ಕೂಗಿದ. ಡ್ರೈವರ್ ಎರಡು ಸಲ ಹಾರ್ನ್ ಒತ್ತಿದ. ಎಂಟು ಲಕ್ಷ ಎಂಬತ್ತು ಸಾವಿರ ಎಣಿಸದೇ ಜೇಬಿಗಿಳಿಸಿ, ಮಂಜುನಾಥಪ್ಪನ ಕೈ ಹಿಡಿದು ಮುಂದೆ ಕರೆದೊಯ್ದು ಬಾಗಿಲ ಬಳಿಯ ತನ್ನದೇ ಸೀಟಿನಲ್ಲಿ ಕೂರಿಸಿದ.

ದಾರಿಯುದ್ದಕ್ಕೂ ಇಬ್ಬರೂ ಭಾಷೆಯಿಲ್ಲದೆ ಮಾತಾಡಿದರು. ಒಂದು ಕಡೆ ಬಸ್ಸು ನಿಂತು ಅಜ್ಜಿಯೊಬ್ಬಳು ಬಾಳೆಗೊನೆ ಹೊತ್ತು ಬಂದಾಗ ಮಂಜುನಾಥಪ್ಪನೇ ಇಳಿದು ಎತ್ತಿ ಇಟ್ಟರು. ಮತ್ತೆ ಹತ್ತಿ, ಬಸ್ಸಿನ ಮೈ ತಟ್ಟಿ "ಹೋಗ್ಲಿ!" ಅಂದರು. ಬಸ್ಸು ಹೊರಟೇಬಿಟ್ಟಿತು. ಪ್ರಭಾವತಿ ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹನೋಯ್ ತಲುಪಿ, ಊರೊಳಗಿನ ಬಸ್ಸಿಗೆ ತಲೆಗೆ ಹತ್ತು ಸಾವಿರ ಕೊಟ್ಟು ಹೋಟೆಲ್ ಸೇರಿದರು. ತಲೆಗೆ ಅರವತ್ತು ಸಾವಿರದ ಲೆಕ್ಕದಲ್ಲೇ ಮಧ್ಯಾಹ್ನದ ಊಟವಾಯಿತು. ಸಂಜೆ ಮಂಜುನಾಥಪ್ಪನೇ ಹುಡುಕಿದ ಸಸ್ಯಾಹಾರಿ ಅಂಗಡಿಯಲ್ಲಿ ಅದೇ ದರಕ್ಕೆ, ಪ್ರಭಾವತಿಯವರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅನ್ನ, ಪನೀರಿನಂಥ ತೋಫು, ಸೊಪ್ಪಿನ ಸಾರು ಬಂತು.

ಊಟದ ನಡುವೆ ಕಾಂತರಾಜ್ ಎಲ್ಲರ ಎದುರು ಹೇಳಿದರು: "ನಾಳೆ ಕಾರ್ಡ್ ಸರಿಯಾಗುತ್ತೆ. ಆದ್ರೂ ಊರು ಮುಟ್ಟೋ ತನಕ ದುಡ್ಡು ನಿಮ್ಮ ಹತ್ರಾನೇ ಇರ್ಲಿ, ಮಂಜಣ್ಣ. ಖರ್ಚು ಮಾಡೋ ಮುಂಚೆ ನಾವೇ ನಿಮ್ಮನ್ನ ಕೇಳ್ತೀವಿ."

ಯಾರೂ ಬೇಡ ಅನ್ನಲಿಲ್ಲ. ಗಣೇಶಮೂರ್ತಿ ಮೇಷ್ಟ್ರು ತಮ್ಮ ತಟ್ಟೆಯ ಕರಿದ ತೋಫುವನ್ನು ಅವರ ತಟ್ಟೆಗೆ ಬಡಿಸಿದರು. ವಿಶಾಲಮ್ಮ ತಲೆ ಬಗ್ಗಿಸಿಕೊಂಡೇ ಊಟ ಮಾಡುತ್ತಿದ್ದರು. ಆದರೆ ಮುಖದ ನಗು ಮುಚ್ಚಿಡಲು ಆಗಲಿಲ್ಲ.

ಅಷ್ಟರಲ್ಲಿ ಸೌಜನ್ಯಳ ವಿಡಿಯೊ ಕರೆ ಬಂತು. "ಅಪ್ಪಾ, ದುಡ್ಡಿಗೆ ತೊಂದ್ರೆ ಆಯ್ತಂತೆ? ಎಷ್ಟು ಖರ್ಚಾಯ್ತು?"

ಮಂಜುನಾಥಪ್ಪ ಕುರ್ಚಿಗೆ ಒರಗಿ ಕೂತು, ಇಡೀ ಮೇಜಿಗೆ ಕೇಳುವಂತೆ ಹೇಳಿದರು: "ಇವತ್ತೊಂದೇ ದಿನ ಇಪ್ಪತ್ತಮೂರು ಲಕ್ಷದ ಹತ್ತು ಸಾವಿರ, ಮಗಾ! ನಿಮ್ಮಪ್ಪ ಒಂದ್ ಪೈಸೆ ಹೆಚ್ಚು ಕೊಟ್ಟಿಲ್ಲ!"